ಆಷಾಢದ ಗಾಳಿ, ರೋಮಿನ ನಾಣ್ಯ

ಆಷಾಢದಲ್ಲಿ ಯಾರಾದರೂ ಕೋಟೆ ಹತ್ತುತ್ತಾರಾ ಅಂತ ಅಕ್ಕ ಬೈದಳು. ಆದರೂ ಅವಳ ಮಗನನ್ನು ಕರೆದುಕೊಂಡು ದಾವಣಗೆರೆಯಲ್ಲಿ ಬೆಳಗಿನ ಬಸ್ಸು ಹತ್ತಿದೆ. ಚಿತ್ರದುರ್ಗ ನಮಗೆ ದೂರವೇನಲ್ಲ. ಹತ್ತಿರ ಇದೆ, ಯಾವಾಗ ಬೇಕಾದರೂ ಹೋಗಬಹುದು ಅಂದುಕೊಂಡೇ ಹತ್ತು ವರ್ಷ ಕಳೆದಿದ್ದೆ.

ಊರು ಸಮೀಪಿಸಿದಂತೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಂಡವು. ರೆಕ್ಕೆಗಳು ಒಂದೇ ಸಮನೆ ತಿರುಗುತ್ತಿದ್ದವು.

ಕೋಟೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಓಬವ್ವನ ಕಿಂಡಿಯ ಮುಂದೆ ಫೋಟೋಗೆ ಸರದಿ ನಿಂತಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮದ್ದು ಬೀಸುವ ಕಲ್ಲು. ಗುಂಡಿಯಲ್ಲಿ ಇಷ್ಟು ದಪ್ಪದ ಬೀಸುಕಲ್ಲುಗಳು. ರಾಗಿಗೂ ಕಲ್ಲು, ಸಿಡಿಮದ್ದಿಗೂ ಕಲ್ಲು! ಇಷ್ಟೆಲ್ಲ ಬೀಸಿದರೂ 1779ರಲ್ಲಿ ದುರ್ಗ ಹೈದರಾಲಿಯ ಪಾಲಾಯಿತು. ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ.

ಮಧ್ಯಾಹ್ನ ಕೋಟೆಯ ಹಿಂದಿನ ಚಂದ್ರವಳ್ಳಿಗೆ ಇಳಿದೆವು. ಮೂರು ಕಡೆ ಬಂಡೆಗುಡ್ಡ, ನಡುವೆ ಕೆರೆ. ಜನ ಕಡಿಮೆ. ಭೈರವೇಶ್ವರ ಗುಡಿಯ ಹತ್ತಿರ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. ಪ್ರಾಕೃತ ಭಾಷೆ, ಮೂರೇ ಸಾಲು. ಕೆರೆ ಕಟ್ಟಿಸಿದೆ ಅನ್ನುವುದೇ ವಿಷಯ. ಆದರೆ ಪಲ್ಲವರು, ಆಭೀರರು, ಪುನ್ನಾಟರು ಅಂತ ಸೋಲಿಸಿದವರ ಪಟ್ಟಿಯೂ ಅದರಲ್ಲೇ ಸೇರಿಕೊಂಡಿದೆ. ಕೆರೆಯ ಬಗ್ಗೆ ಬರೆಸುವಾಗಲೂ ಯುದ್ಧ ಬಿಡಲಿಲ್ಲ ನೋಡಿ.

"ಮಾಮ, ಇಲ್ಲಿ ಅಗೆದಾಗ ಏನು ಸಿಕ್ತಂತೆ?" ಅಂದ ಹುಡುಗ.

1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಅನ್ನುವ ಪುರಾತತ್ವಜ್ಞರು ಇಲ್ಲಿ ಅಗೆಸಿದರು. ಶಾತವಾಹನರ ನಾಣ್ಯ ಸಿಕ್ಕವು. ಅವುಗಳ ಜೊತೆಗೆ ಅಗಸ್ಟಸ್, ಟೈಬೀರಿಯಸ್ ಅನ್ನುವ ರೋಮ್ ಚಕ್ರವರ್ತಿಗಳ ಬೆಳ್ಳಿ ನಾಣ್ಯವೂ ಸಿಕ್ಕವು.

"ರೋಮಿಂದ ದುರ್ಗಕ್ಕಾ? ಸಮುದ್ರನೇ ಇಲ್ವಲ್ಲ ಮಾಮ ಇಲ್ಲಿ!"

ಸಮುದ್ರ ಇಲ್ಲ ಅಂತ ನಾವು ಬಯಲುಸೀಮೆಯವರು ತುಂಬ ನೆಮ್ಮದಿಯಾಗಿದ್ದೇವೆ. ಎರಡು ಸಾವಿರ ವರ್ಷದ ಹಿಂದೆ ಈಜಿಪ್ಟಿನ ಬಂದರುಗಳಿಂದ ಹಡಗುಗಳು ಕೆಂಪು ಸಮುದ್ರ ದಾಟಿ, ಮುಂಗಾರು ಗಾಳಿ ಹಿಡಿದು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದವು. ಮೆಣಸು, ಮುತ್ತು, ಹತ್ತಿ ಬಟ್ಟೆ ತುಂಬಿಕೊಂಡು ಹಿಂಗಾರಿನ ಗಾಳಿಗೆ ವಾಪಸ್. ಅವರು ಕೊಟ್ಟ ಬೆಳ್ಳಿ ಕೈಯಿಂದ ಕೈಗೆ ಹೋಗಿ, ಘಟ್ಟ ಹತ್ತಿ ಈ ಬಂಡೆಗಳ ನಡುವೆ ಬಂದು ಬಿದ್ದಿರಬೇಕು.

ಅದೇ ಕೆಂಪು ಸಮುದ್ರದ ಸುದ್ದಿ ಈಚಿನ ವರ್ಷಗಳಲ್ಲಿ ನಮ್ಮ ಮನೆಯಲ್ಲೂ ಓಡಿತ್ತು. 2023ರ ನವೆಂಬರ್‌ನಿಂದ ಯೆಮೆನ್‌ನ ಹೂತಿ ಬಂಡುಕೋರರು ಅಲ್ಲಿ ಹಡಗುಗಳ ಮೇಲೆ ದಾಳಿ ಶುರು ಮಾಡಿದರು. ಎಷ್ಟೋ ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಸುತ್ತಿಕೊಂಡು ಓಡಾಡಿದವು. ಅದಕ್ಕೂ ಮುಂಚೆ, 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆ ಏಕಾಏಕಿ ತುಟ್ಟಿಯಾಯಿತು. ನಾವು ತರಿಸುವ ಆ ಎಣ್ಣೆಯಲ್ಲಿ ಹೆಚ್ಚಿನ ಪಾಲು ಉಕ್ರೇನ್, ರಷ್ಯಾದ್ದೇ. ಶೇಂಗಾ ಎಣ್ಣೆಗೆ ಹೆಸರಾದ ಚಳ್ಳಕೆರೆ ಇದೇ ಜಿಲ್ಲೆಯಲ್ಲಿದೆ! ಆದರೂ ದಾವಣಗೆರೆಯಲ್ಲಿ ಮಂಡಕ್ಕಿ ಜೊತೆ ತಿನ್ನುವ ಮಿರ್ಚಿ ಆ ತಿಂಗಳು ಸಣ್ಣದಾಗಿತ್ತು. ನಾನಂತೂ ಜಗಳ ಆಡಿದ್ದೆ. ಅಂಗಡಿಯವರು ಏನು ಮಾಡಿಯಾರು ಪಾಪ.

ಹುಡುಗ ಸುಮ್ನೆ ಕೇಳುತ್ತಿದ್ದ. ಆಮೇಲೆ ಪಶ್ಚಿಮದ ಕಡೆ ತಿರುಗಿ ನಿಂತ.

"ಆ ಹಡಗು ತಂದಿದ್ದೂ ಇದೇ ಗಾಳಿನಾ ಮಾಮ?"

"ಇದೇ. ಇದೇ ತಿಂಗಳುಗಳಲ್ಲಿ."

"ಅಲ್ಲಿ ಫ್ಯಾನ್ ತಿರುಗಿಸ್ತಾ ಇರೋದೂ?"

"ಹೂಂ."

ಅಷ್ಟರಲ್ಲಿ ಜೋರಾಗಿ ಒಂದು ಸಲ ಬೀಸಿತು. ಅವನ ಟೋಪಿ ಹಾರಿ ಕೆರೆಗೆ ಬಿತ್ತು. ಮೊನ್ನೆ ತಾನೇ ಅಕ್ಕ ಕೊಡಿಸಿದ್ದು. ಸ್ವಲ್ಪ ಹೊತ್ತು ತೇಲುತ್ತಾ ಆಚೆ ದಡದ ಕಡೆಗೆ ಹೊರಟಿತು. ನಾವಿಬ್ಬರೂ ಬಂಡೆ ಸುತ್ತಿಕೊಂಡು ಅದರ ಹಿಂದೆ ಓಡಿದೆವು.