ಅನ್ಮಾ: ಕಣ್ಣಿಲ್ಲದವರು ಕಾಪಾಡಿಕೊಂಡು ಬಂದ ಕೈವಿದ್ಯೆ

16 ನವೆಂಬರ್ 2024, ಶನಿವಾರ
ಟೋಕಿಯೋ

ಇವತ್ತು ರ್ಯೋಗೊಕು ಕಡೆ ಹೋಗಿದ್ದೆ. ಆ ಏರಿಯಾ ಅಂದ್ರೆ ಎಲ್ಲರಿಗೂ ಸುಮೋ ನೆನಪಾಗುತ್ತೆ. ನಾನು ಹೋಗಿದ್ದು ಅಲ್ಲೇ ಹತ್ತಿರದ ಎಜಿಮಾ ಸುಗಿಯಾಮಾ ದೇವಸ್ಥಾನಕ್ಕೆ, ಅನ್ಮಾ ಅನ್ನುವ ಜಪಾನಿನ ಹಳೆಯ ಮಸಾಜ್ ವಿದ್ಯೆಯ ನಂಟಿರುವ ಜಾಗಕ್ಕೆ. ಚಿಕ್ಕ ದೇವಸ್ಥಾನ. ಅಲ್ಲೊಂದು ಗುಹೆ ಇದೆ, ಅದರೊಳಗೆ ಬೆಂಜೈತೆನ್. ಅಂದ್ರೆ ನಮ್ಮ ಸರಸ್ವತಿಯೇ. ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಇಲ್ಲಿಗೆ ಬಂದು ವೀಣೆ ಬದಲು ಬಿವಾ ಅನ್ನುವ ಜಪಾನಿ ತಂತಿವಾದ್ಯ ಹಿಡಿದವಳು. ಶೃಂಗೇರಿ ಕಡೆಯ ಹುಡುಗಿ ನಾನು, ಶಾರದೆಗೆ ಕೈ ಮುಗಿದು ಬೆಳೆದವಳು. ಇಲ್ಲೂ ಹಾಗೇ ಕೈ ಮುಗಿದೆ.

ಸುಗಿಯಾಮಾ ಅಂದ್ರೆ ಸುಗಿಯಾಮಾ ವಾಯಿಚಿ. 1610ರಲ್ಲಿ ಹುಟ್ಟಿದವರು, ಚಿಕ್ಕಂದಿನಲ್ಲೇ ಕಣ್ಣು ಹೋಯಿತು. ಸೂಜಿ ಚಿಕಿತ್ಸೆ ಕಲಿಯಲು ಒಬ್ಬ ಗುರುವಿನ ಹತ್ತಿರ ಸೇರಿದರು, ಕಲಿಕೆ ತಲೆಗೆ ಹತ್ತುವುದಿಲ್ಲ ಅಂತ ಗುರು ಹೊರಗೆ ಕಳಿಸಿಬಿಟ್ಟರು. ಆಮೇಲೆ ಎನೋಶಿಮಾ ದ್ವೀಪಕ್ಕೆ ಹೋಗಿ ಬೆಂಜೈತೆನ್ ಮುಂದೆ ಉಪವಾಸ ಕೂತರಂತೆ, ವಾಪಸ್ ಬರುವಾಗ ಕಲ್ಲು ಎಡವಿ ಬಿದ್ದರಂತೆ, ಆಗ ಚುಚ್ಚಿದ್ದು ಒಂದು ಕೊಳವೆಯೊಳಗೆ ಸಿಕ್ಕಿಕೊಂಡಿದ್ದ ಪೈನ್ ಮರದ ಸೂಜಿಯೆಲೆಯಂತೆ. ಇದು ಐತಿಹ್ಯ. ಆದರೆ ಸೂಜಿಯನ್ನು ಸಣ್ಣ ಕೊಳವೆಯಲ್ಲಿಟ್ಟು ಮೆಲ್ಲಗೆ ತಟ್ಟಿ ಇಳಿಸುವ ವಿಧಾನ ಅವರ ಹೆಸರಿನಲ್ಲೇ ಉಳಿದಿದೆ. ಅಕ್ಯುಪಂಕ್ಚರ್ ಮಾಡುವವರು ಇವತ್ತು ಬೇರೆ ಬೇರೆ ದೇಶಗಳಲ್ಲಿ ಅದನ್ನೇ ಬಳಸುತ್ತಾರೆ. ಮುಂದೆ ಆಗ ದೇಶ ಆಳುತ್ತಿದ್ದ ಶೋಗನ್ ತ್ಸುನಾಯೋಶಿಗೇ ಚಿಕಿತ್ಸೆ ಕೊಟ್ಟರು. 1682ರಲ್ಲಿ ಕಣ್ಣಿಲ್ಲದವರಿಗಾಗಿ ಸೂಜಿ ಮತ್ತು ಅನ್ಮಾ ಕಲಿಸುವ ಶಾಲೆ ತೆರೆದರು. ಪ್ಯಾರಿಸ್ಸಿನಲ್ಲಿ ಅಂಧರ ಶಾಲೆ ಶುರುವಾಗಿದ್ದು 1784ರ ಹೊತ್ತಿಗೆ. ಅದಕ್ಕಿಂತ ನೂರು ವರ್ಷ ಮೊದಲಿನ ಮಾತು ಇದು!

ಜಪಾನಿನ ಮಸಾಜ್ ಅಂದ ಕೂಡಲೇ ಊರಿನಲ್ಲಿ ಎಲ್ಲರೂ ಕೇಳುವುದು ಶಿಯಾತ್ಸು ಬಗ್ಗೆ, ಅಂದ್ರೆ ಬೆರಳಿನಿಂದ ಒತ್ತುವ ಚಿಕಿತ್ಸೆ ಬಗ್ಗೆ. 1954ರಲ್ಲಿ ಮರ್ಲಿನ್ ಮನ್ರೋ ಇಲ್ಲಿಗೆ ಬಂದಿದ್ದಾಗ ಶಿಯಾತ್ಸು ತಜ್ಞ ತೊಕುಜಿರೊ ನಮಿಕೋಶಿ ಅವರು ಆಕೆಗೆ ಶಿಯಾತ್ಸು ಮಾಡಿದರು, ಆ ಹೆಸರು ಎಲ್ಲ ಕಡೆ ಹರಡಿತು. ಒಳ್ಳೆಯದೇ. ಆದರೆ ಶಿಯಾತ್ಸು ಇಪ್ಪತ್ತನೇ ಶತಮಾನದ್ದು, ಅದರ ಬೇರು ಅನ್ಮಾದಲ್ಲಿದೆ. ಅನ್ಮಾ ಚೀನಾದಿಂದ ಬಂದದ್ದು, ಎಂಟನೇ ಶತಮಾನದ ಆರಂಭದಲ್ಲೇ ಜಪಾನಿನ ಅರಸರ ವೈದ್ಯ ಇಲಾಖೆಯಲ್ಲಿ ಅದನ್ನು ಕಲಿಸುವವರ ಹುದ್ದೆ ಇತ್ತು. ಎದೋ ಕಾಲಕ್ಕೆ (1603ರಿಂದ 1868) ಬರುವ ಹೊತ್ತಿಗೆ ಅದು ಹೆಚ್ಚಾಗಿ ಕಣ್ಣಿಲ್ಲದವರ ಕಸುಬಾಯಿತು. ಕೈಯಲ್ಲಿ ಕೋಲು ಹಿಡಿದು, ಪೀಪಿ ಊದುತ್ತಾ ರಾತ್ರಿ ಹೊತ್ತು ಬೀದಿಯಲ್ಲಿ ನಡೆಯುತ್ತಿದ್ದರು. ಮೈಕೈ ನೋವಿದ್ದವರು ಆ ಸದ್ದು ಕೇಳಿ ಒಳಗೆ ಕರೆಯುತ್ತಿದ್ದರು. ಶಿಯಾತ್ಸು ಬಗ್ಗೆ ಅಷ್ಟು ಮಾತಾಡುವವರು ಇವರ ಬಗ್ಗೆ ಒಂದು ಮಾತೂ ಆಡುವುದಿಲ್ಲವಲ್ಲ, ಅದು ನನಗೆ ನಿಜಕ್ಕೂ ಬೇಜಾರು.

ನನಗೆ ಇದರ ಪರಿಚಯ ಆಗಿದ್ದು ಆಫೀಸಿನಲ್ಲೇ. ಇಲ್ಲಿ ಕೆಲವು ಕಂಪನಿಗಳು ಲೈಸೆನ್ಸ್ ಇರುವ, ದೃಷ್ಟಿ ಇಲ್ಲದ ಮಸಾಜ್ ತಜ್ಞರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತವೆ, ಹೆಲ್ತ್ ಕೀಪರ್ ಅಂತ ಕರೆಯುತ್ತಾರೆ. ನಮ್ಮಲ್ಲೂ ಒಬ್ಬರಿದ್ದಾರೆ. ಎಲ್ಲರೂ ಅವರನ್ನು ಸೆನ್ಸೇ, ಅಂದ್ರೆ ಗುರುಗಳೇ, ಅಂತಾರೆ. ಮೊದಲು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರಂತೆ, ನಡುವಯಸ್ಸಿನಲ್ಲಿ ಕಣ್ಣು ಮಂಜಾಗುತ್ತಾ ಹೋಯಿತು. ಅಂಧರ ಶಾಲೆಗೆ ಸೇರಿ ಮೂರು ವರ್ಷ ದೇಹರಚನೆ, ರೋಗಶಾಸ್ತ್ರ ಎಲ್ಲ ಓದಿ ಸರ್ಕಾರದ ಪರೀಕ್ಷೆ ಪಾಸಾದರು. ಆ ಪರೀಕ್ಷೆಯನ್ನು ಬ್ರೈಲ್‌ನಲ್ಲೂ ಬರೆಯಬಹುದು.

ಮೊನ್ನೆ ನನ್ನ ಕುತ್ತಿಗೆ ಹಿಡ್ಕೊಂಡಿತ್ತು. ಒಂದು ಮಗ್ಗುಲಾಗಿ ಮಲಗಿಸಿದರು. ಬಟ್ಟೆ ತೆಗೆಯುವುದಿಲ್ಲ, ಎಣ್ಣೆ ಇಲ್ಲ. ದೀಪಾವಳಿಯ ಎಣ್ಣೆಸ್ನಾನದಲ್ಲಿ ಅಜ್ಜಿ ಉಜ್ಜುತ್ತಿದ್ದುದನ್ನು ನೆನೆದುಕೊಂಡರೆ ಇದು ಬೇರೆಯೇ ಲೋಕ. ಹೆಗಲ ಮೇಲೆ ತೆಳು ಹತ್ತಿ ಟವೆಲ್ ಹಾಸಿ, ಮೊದಲು ಅಂಗೈಯಿಂದ ಸುಮ್ನೆ ಸವರಿದರು. ಎಲ್ಲಿ ಬಿಗಿ ಇದೆ ಅಂತ ಅಷ್ಟರಲ್ಲೇ ಗೊತ್ತಾಗುತ್ತಂತೆ. ಆಮೇಲೆ ಹೆಬ್ಬೆರಳು. ಬೆನ್ನುಮೂಳೆಯ ಪಕ್ಕದ ಸ್ನಾಯುವಿನ ಮೇಲೆ ಬೆರಳು ಜಾರುವುದೇ ಇಲ್ಲ, ಬಟ್ಟೆ ಚರ್ಮ ಎಲ್ಲ ಸೇರಿಸಿ ಹಿಡಿದು ಸಣ್ಣಗೆ ನಾದುತ್ತಾರೆ. ಹೆಗಲ ಮೂಳೆಯ ಒಳ ಅಂಚಿನಲ್ಲಿ ಒಂದು ಗಂಟು ಸಿಕ್ಕಿತು, ನನಗೇ ಗೊತ್ತಿರಲಿಲ್ಲ ಅಲ್ಲಿ ನೋವಿದೆ ಅಂತ. ಬೆರಳು ಅಲ್ಲೇ ನಿಂತಿತು. ತೋಳಿನ ಬಲದಿಂದ ಒತ್ತುವುದಲ್ಲ ಅದು, ಮೈಭಾರ ಮೆಲ್ಲಗೆ ಇಳಿಯುತ್ತೆ, ನಾನು ಉಸಿರು ಬಿಟ್ಟಾಗ ಇನ್ನೂ ಸ್ವಲ್ಪ ಇಳಿಯುತ್ತೆ, ಆಮೇಲೆ ಅಷ್ಟೇ ನಿಧಾನವಾಗಿ ಮೇಲೇಳುತ್ತೆ. ಕೊನೆಗೆ ಎರಡೂ ಕೈ ಸೇರಿಸಿ ಟಪಟಪ ಅಂತ ತಟ್ಟಿ, ತೋಳನ್ನು ಒಂದು ಸುತ್ತು ತಿರುಗಿಸಿದರು. ನೋವು ಕುತ್ತಿಗೆಯಲ್ಲಿದ್ದರೂ ಸೊಂಟ, ಕಾಲು, ಹೊಟ್ಟೆ ಎಲ್ಲ ಮುಟ್ಟಿ ನೋಡುತ್ತಾರೆ. ಅನ್ಮಾದಲ್ಲಿ ಇಡೀ ಮೈಗೆ ಮಾಡುವುದೇ ರೂಢಿ. ಮಾರನೇ ದಿನ ಕುತ್ತಿಗೆ ಎರಡೂ ಕಡೆ ತಿರುಗಿತು.

ಈ ಕಸುಬನ್ನು ಉಳಿಸಲು ಕಾನೂನೂ ಇದೆ. ಕಣ್ಣಿರುವವರಿಗೆ ಅನ್ಮಾ ಕಲಿಸುವ ಹೊಸ ಶಾಲೆಗಳಿಗೆ ಸರ್ಕಾರ ಅನುಮತಿ ಕೊಡದೇ ಇರಬಹುದು ಅಂತ 1964ರಲ್ಲೇ ಸೇರಿಸಿದರು, ದೃಷ್ಟಿ ಇಲ್ಲದವರ ಹೊಟ್ಟೆಪಾಡಿಗೆ ಪೆಟ್ಟು ಬೀಳಬಾರದು ಅಂತ. ಇದು ಸಂವಿಧಾನಕ್ಕೆ ವಿರುದ್ಧ ಅಂತ ಕೇಸ್ ಆಯಿತು. 2022ರ ಫೆಬ್ರವರಿಯಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಕಾನೂನನ್ನೇ ಎತ್ತಿ ಹಿಡಿಯಿತು. ಇಷ್ಟ ಬಂದ ಕೆಲಸ ಮಾಡುವ ಹಕ್ಕು ಎಲ್ಲರಿಗೂ ಇರಬೇಕು, ಒಪ್ಪುತ್ತೇನೆ. ಆದರೆ ಕಣ್ಣಿರುವವರಿಗೆ ನೂರು ದಾರಿ ಇದೆ, ಇವರಿಗೆ ಇರುವ ದಾರಿಗಳೇ ಕಮ್ಮಿ. ನನಗೆ ಆ ತೀರ್ಪು ಸರಿ ಅನ್ನಿಸುತ್ತೆ. ಕಾನೂನು ಇದ್ದರೂ ಕಷ್ಟ ತಪ್ಪಿಲ್ಲ. ಬೀದಿ ಬೀದಿಯಲ್ಲೂ ರಿಲ್ಯಾಕ್ಸೇಷನ್ ಅಂತ ಬೋರ್ಡ್ ಹಾಕಿಕೊಂಡ ಅಂಗಡಿಗಳಿವೆ, ಅಲ್ಲಿ ಕೆಲಸ ಮಾಡುವವರಿಗೆ ಈ ಲೈಸೆನ್ಸ್ ಇರಲೇಬೇಕು ಅಂತಿಲ್ಲ, ರೇಟೂ ಕಮ್ಮಿ, ಜನ ಅಲ್ಲಿಗೇ ನುಗ್ಗುತ್ತಾರೆ.

ಮುಂದಿನ ತಿಂಗಳು ಊರಿಂದ ಮಾವ ಬರ್ತಿದ್ದಾರೆ, ಫೋನ್ ಮಾಡಿದಾಗಲೆಲ್ಲ ಸೊಂಟದ ಮಾತು. ಮೊದಲು ಡಾಕ್ಟರ್ ಹತ್ತಿರ ತೋರಿಸಿಕೊಂಡು ಬನ್ನಿ ಅಂದಿದ್ದೇನೆ. ಜ್ವರ ಇದ್ದರೆ, ಮೂಳೆ ಮುರಿದಿದ್ದರೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಒತ್ತಿಸಿಕೊಳ್ಳಲೇಬಾರದು. ಡಾಕ್ಟರ್ ಸರಿ ಅಂದ್ರೆ ಸೆನ್ಸೇಗೆ ಪರಿಚಯ ಇರುವ ಒಂದು ಅನ್ಮಾ ಕೋಣೆಗೆ ಕರ್ಕೊಂಡು ಹೋಗ್ತೀನಿ. ಗೋಡೆ ಮೇಲೆ ಲೈಸೆನ್ಸ್ ಇದ್ಯಾ ಅಂತ ಆಗಲೇ ವಿಚಾರಿಸಿಯಾಗಿದೆ, ಇದೆ.