ಹೆಸರು ಬರೆಯಬೇಡಿ

ಜನವರಿಯ ಆ ಬೆಳಿಗ್ಗೆ ಸಾಗರ ತಾಲ್ಲೂಕಿನ ಒಂದು ಸೊಪ್ಪಿನಬೆಟ್ಟದಲ್ಲಿ ಬಿಳಿ ಫ್ಲಾನೆಲ್ ಬಟ್ಟೆಯೊಂದನ್ನು ತರಗೆಲೆಗಳ ಮೇಲೆ ಎಳೆದುಕೊಂಡು ನಡೆಯುತ್ತಿದ್ದೆ. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಯ ಕೊನೆಯ ವರ್ಷ. ಕ್ಷೇತ್ರ ತರಬೇತಿಗೆ ಮಂಗನ ಕಾಯಿಲೆಯನ್ನು ನಾನೇ ಕೇಳಿ ಪಡೆದಿದ್ದೆ. ಕೆಲವು ಹೆಜ್ಜೆಗೊಮ್ಮೆ ನಿಂತು ಬಟ್ಟೆಯನ್ನು ಮಗುಚಿ ನೋಡಬೇಕು. ನನಗೆ ಏನೂ ಕಾಣಲಿಲ್ಲ. ಜೊತೆಗಿದ್ದ ಹಿರಿಯ ಕೀಟ ಸಂಗ್ರಾಹಕರು ಚಿಮಟದ ತುದಿಯನ್ನು ಒಂದೆಡೆ ಇಟ್ಟು, "ಇಲ್ಲಿ ನೋಡಿ ಮೇಡಂ" ಎಂದರು. ಎಳ್ಳಿಗಿಂತ ಚಿಕ್ಕ ಕಂದು ಚುಕ್ಕಿ, ಕಾಲಾಡಿಸುತ್ತಿತ್ತು. ಕಣ್ಣು ಪಳಗಿದ ಮೇಲೆ ಎಣಿಸಿದೆ, ಹನ್ನೊಂದು ಇದ್ದವು. ಮನುಷ್ಯರಿಗೆ ಕಾಯಿಲೆ ದಾಟಿಸುವುದು ಹೆಚ್ಚಾಗಿ ಈ ಮರಿ ಉಣುಗುಗಳೇ. ಕೊಟ್ಟಿಗೆಗೆ ತರಗು ಗುಡಿಸಲು ಜನ ಬೆಟ್ಟ ಹತ್ತುವ ಕಾಲವೂ, ಇವು ಎಲೆಯಡಿ ಕಾದು ಕೂರುವ ಕಾಲವೂ ಒಂದೇ.

ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಧಾವಿಸಿ ಬಂದಿದ್ದರು. ಏಷ್ಯಾಕ್ಕೆ ಅದುವರೆಗೆ ಕಾಲಿಡದ ಹಳದಿ ಜ್ವರ ಬಂದೇಬಿಟ್ಟಿತೇ ಎಂಬ ಅಂಜಿಕೆ ಅವರದು. ಸಿಕ್ಕಿದ್ದು ಜಗತ್ತಿಗೇ ಹೊಸದಾದ, ಈ ಮಂಗನ ಕಾಯಿಲೆಯ ವೈರಸ್.

ಹನ್ನೊಂದು ಗಂಟೆಯ ಹೊತ್ತಿಗೆ ತೋಟದ ಅಂಚಿನ ಮನೆಯಾಕೆ ನೀರು, ಬೆಲ್ಲ ತಂದುಕೊಟ್ಟರು. ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, ದನಿ ತಗ್ಗಿಸಿ, "ಮೇಲೆ ಒಂದು ಮುಸುವ ಸತ್ತು ಬಿದ್ದಿದೆ ತಂಗೀ. ಮೂರು ದಿನವಾಯಿತು" ಎಂದರು. ಮೊದಲೇ ಏಕೆ ಹೇಳಲಿಲ್ಲ ಎಂದು ನಾನು ತುಸು ಗಡುಸಾಗಿಯೇ ಕೇಳಿದೆ. ಆ ದನಿಗೆ ಇವತ್ತಿಗೂ ನಾಚುತ್ತೇನೆ.

"ಹೋದ ಸಲ ಹೇಳಿದ್ದೆ. ಮೈತುಂಬ ಬಿಳಿ ಬಟ್ಟೆ ತೊಟ್ಟವರು ಬಂದು ಹೋದರು. ಆಮೇಲೆ ಅಡಿಕೆ ಸುಲಿಯಲು ನಮ್ಮ ಮನೆಗೆ ಒಬ್ಬರೂ ಬರಲಿಲ್ಲ. ಹಾಲು ಕೊಳ್ಳುವವರೂ ನಿಲ್ಲಿಸಿದರು. ಈಗ ನನ್ನ ಹೆಸರು ಬರೆಯಬೇಡಿ."

ತರಗತಿಯಲ್ಲಿ 2005ರ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯನ್ನು ಬಾಯಿಪಾಠ ಮಾಡಿದ್ದವಳು ನಾನು. ಜಗತ್ತಿಗೆ ಅಪಾಯವಾಗಬಹುದಾದ ಘಟನೆ ಎಂದು ತೀರ್ಮಾನವಾದ 24 ಗಂಟೆಯೊಳಗೆ ದೇಶವೊಂದು ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು. ಹಾಗೆ ತಿಳಿಸಿದವರಿಗೆ ಏನಾಗುತ್ತದೆ ಎಂಬುದು ಆ ಅಂಗಳದಲ್ಲಿ ನಿಂತಾಗ ಹೊಳೆಯಿತು. 2021ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಓಮಿಕ್ರಾನ್ ಗುರುತಿಸಿ ತಡಮಾಡದೆ ಜಗತ್ತಿಗೆ ಹೇಳಿದರು. ಕೆಲವೇ ದಿನಗಳಲ್ಲಿ ಹಲವು ದೇಶಗಳು ಅಲ್ಲಿನ ವಿಮಾನಗಳಿಗೆ ಬಾಗಿಲು ಹಾಕಿದವು. ಈ ತಾಯಿಗೆ ಆದದ್ದೂ ಅದೇ. ಸತ್ಯ ಹೇಳಿದ ಮನೆಗೇ ಬಹಿಷ್ಕಾರ.

ಈ ಕ್ಷೇತ್ರಕ್ಕೆ ಬರಬೇಕೆನ್ನುವ ಕಿರಿಯರು ಈಗ ನನ್ನನ್ನು ಕೇಳುತ್ತಾರೆ, ಏನು ಓದಬೇಕು ಎಂದು. ಸೋಂಕುರೋಗ ಶಾಸ್ತ್ರ ಓದಿ, ಅಂಕಿಅಂಶ ಕಲಿಯಿರಿ, ವೈದ್ಯರಾಗಿದ್ದರೆ ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದಲ್ಲಿ 2012ರಿಂದ ನಡೆಯುತ್ತಿರುವ ಎರಡು ವರ್ಷದ, ಸಾಂಕ್ರಾಮಿಕ ರೋಗಗಳ ಜಾಡು ಹಿಡಿಯಲು ಕಲಿಸುವ ಇಐಎಸ್ (ಎಪಿಡೆಮಿಕ್ ಇಂಟೆಲಿಜೆನ್ಸ್ ಸರ್ವಿಸ್) ತರಬೇತಿಯನ್ನು ವಿಚಾರಿಸಿ ಎನ್ನುತ್ತೇನೆ. ಜೊತೆಗೆ, ಸುದ್ದಿ ಕೊಟ್ಟವರ ಮನೆಗೆ ಮರುದಿನವೂ ಹೋಗುವವರಾಗಿದ್ದರೆ ಮಾತ್ರ ಬನ್ನಿ ಎನ್ನುತ್ತೇನೆ. ಇದನ್ನು ಕಲಿಸಿದ್ದು ಆ ಸಂಗ್ರಾಹಕರು.

ಮಧ್ಯಾಹ್ನ ಪಶುವೈದ್ಯರು ಬಂದು ಮಾದರಿ ತೆಗೆದುಕೊಂಡರು, ಕಳೇಬರವನ್ನು ಸುಟ್ಟರು, ಸುತ್ತ ಐವತ್ತು ಮೀಟರ್ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಹಾಕಿಸಿದರು. ನಮೂನೆಯಲ್ಲಿ ಮಾಹಿತಿದಾರರ ಹೆಸರಿನ ಜಾಗದಲ್ಲಿ "ಗ್ರಾಮಸ್ಥರು" ಎಂದು ಬರೆದೆ. ನನ್ನ ಲೆಕ್ಕದಲ್ಲಿ ಕೆಲಸ ಮುಗಿದಿತ್ತು. ಸಂಗ್ರಾಹಕರು ಜೀಪು ಹತ್ತಲಿಲ್ಲ. ಕೇರಿಯ ಮನೆಮನೆಗೆ ಹೋಗಿ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಂಚಿದರು. ಬೆಟ್ಟಕ್ಕೆ ಹೋಗುವ ಮುನ್ನ ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಮೀಯಿರಿ ಎಂದರು. ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುವ ಕಾಯಿಲೆಯಲ್ಲ, ಉಣುಗು ಕಚ್ಚಿದರೆ ಬರುವುದು, ಯಾರ ಮನೆಗೂ ಅಡಿಕೆ ಸುಲಿಯಲು ಹೋಗಬಹುದು ಎಂದು ಪ್ರತಿ ಜಗುಲಿಯಲ್ಲೂ ಕುಳಿತು ಹೇಳಿದರು.

ಕತ್ತಲಾದ ಮೇಲೆ ಆಕೆಯ ಅಂಗಳದಲ್ಲಿ ನಾಲ್ವರು ಹೆಂಗಸರು ಮೆಟ್ಟುಗತ್ತಿ ಹಿಡಿದು ಬಂದು ಕುಳಿತರು. ಸಂಗ್ರಾಹಕರು ಅವರೆದುರಿಗೇ ಚಹಾ ಕೇಳಿ ಕುಡಿದರು. ನಾನೂ ಒಂದು ಲೋಟ ಕೇಳಿದೆ.