ಚಂದ್ರಗಿರಿಯ ತವರಿಗೆ

ಟಿಕೆಟ್ ಮಾಡಿಸುವವನಿಗೆ ಎರಡು ಸಲ ಹೇಳಬೇಕಾಯಿತು, ದೆಹಲಿ ಅಲ್ಲ, ದಿಲಿ. ಬಾಲಿಯಿಂದ ಸುಮಾರು ಎರಡು ಗಂಟೆ ಹಾರಿದರೆ ಸಿಗುವ ಪೂರ್ವ ತಿಮೋರ್‌ನ ರಾಜಧಾನಿ. "ಬಾಲಿ ನೋಡ್ಕೊಂಡು ವಾಪಸ್ ಬನ್ನಿ ಸಾರ್" ಎಂದ. ಎಲ್ಲರೂ ಮಾಡುವುದೂ ಅದನ್ನೇ.

ನನಗೆ ನಂಟಿನ ಕಾರಣವಿತ್ತು. ಚಿಕ್ಕಮಗಳೂರಿನ ನಮ್ಮ ತೋಟದಲ್ಲಿರುವುದು ಬಹುಪಾಲು ಚಂದ್ರಗಿರಿ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಅರೇಬಿಕಾ ತಳಿ. ಅದರ ರಕ್ತದಲ್ಲಿ ತಿಮೋರ್ ಇದೆ. 1920ರ ದಶಕದಲ್ಲಿ ಆ ದ್ವೀಪದಲ್ಲಿ ಒಂದು ವಿಚಿತ್ರ ಗಿಡ ಕಣ್ಣಿಗೆ ಬಿತ್ತು. ಅರೇಬಿಕಾ, ರೊಬಸ್ಟಾ ತಾವಾಗಿಯೇ ಬೆರೆತು ಹುಟ್ಟಿದ್ದು. ಎಲೆ ತುಕ್ಕು ರೋಗಕ್ಕೆ ಜಗ್ಗದ ಗಿಡ. ಮುಂದೆ ಎಷ್ಟೋ ದೇಶಗಳ ತಳಿಗಳಿಗೆ ಅದೇ ಮೂಲವಾಯಿತು.

ಹೊರಟಿದ್ದು ಜುಲೈನಲ್ಲಿ. ನಮ್ಮಲ್ಲಿ ಜಡಿಮಳೆ, ತೋಟದಲ್ಲಿ ಕೆಲಸ ಕಡಿಮೆ. ಅಲ್ಲಿ ಬೇಸಿಗೆಯಂಥ ಒಣ ಹವೆ, ಕಾಫಿ ಕೊಯ್ಲು ಬೇರೆ. ಅಲ್ಲಿ ನಡೆಯುವುದು ಅಮೆರಿಕದ ಡಾಲರ್, ಚಿಲ್ಲರೆ ಮಾತ್ರ ಅವರದೇ ಸೆಂಟಾವೊ. ನಾನು ದೊಡ್ಡ ನೋಟುಗಳನ್ನೇ ತಂದು ಎರಡು ದಿನ ಅಂಗಡಿಯವರ ಮುಖ ನೋಡುತ್ತಾ ನಿಂತೆ. ದಡ್ಡತನ ನನ್ನದೇ.

ಊರೊಳಗೆ ಓಡಾಡಲು ಮಿಕ್ರೊಲೆಟ್, ಅಂದರೆ ಬಣ್ಣ ಬಳಿದ ಪುಟ್ಟ ವ್ಯಾನು. ಮಂಡಿ ಗಲ್ಲಕ್ಕೆ ತಾಗುತ್ತದೆ. ಇಳಿಯಬೇಕಾದರೆ ಕೂಗಬೇಕಿಲ್ಲ, ನಾಣ್ಯದಿಂದ ಕಬ್ಬಿಣದ ಕಂಬಿಗೆ ಟಕ್ ಟಕ್ ಎಂದು ಬಡಿದರೆ ಸಾಕು. ನಾನು ಸುಮ್ನೆ ಒಂದು ಸಲ ಬಡಿದು ನೋಡಿ, ಬೇಡದ ಕಡೆ ಇಳಿದೆ.

ಸಾಂತಾ ಕ್ರೂಸ್ ಸ್ಮಶಾನಕ್ಕೂ ಹೋದೆ. 1991ರ ನವೆಂಬರ್ 12ರಂದು, ಆಗ ಈ ನಾಡನ್ನು ಹಿಡಿದಿಟ್ಟುಕೊಂಡಿದ್ದ ಇಂಡೋನೇಷ್ಯಾದ ಸೈನಿಕರು ಮೆರವಣಿಗೆಯಲ್ಲಿ ಬಂದವರ ಮೇಲೆ ಗುಂಡು ಹಾರಿಸಿದ್ದು ಇಲ್ಲೇ. ಸ್ವಾತಂತ್ರ್ಯ ಬಂದಿದ್ದು 2002ರಲ್ಲಿ. ಗೋರಿಗಳ ಮೇಲೆ ಹೂವು ಹಸಿಯಾಗಿಯೇ ಇತ್ತು.

ಎರ್ಮೆರಾ ಬೆಟ್ಟದ ತೋಟಗಳನ್ನು ನೋಡಿದಾಗ ನಮ್ಮಪ್ಪ ಇಲ್ಲಿದ್ದಿದ್ದರೆ ಬೈಯುತ್ತಿದ್ದರು ಅನಿಸಿತು. ಕತ್ತರಿ ಕಾಣದ ಗಿಡಗಳು ಎರಡಾಳೆತ್ತರ ಬೆಳೆದಿವೆ. ಒಬ್ಬ ಅಜ್ಜ ಕೊಂಬೆಯನ್ನು ಎಳೆದು, ಬಗ್ಗಿಸಿ, ಹಣ್ಣು ಬಿಡಿಸುತ್ತಿದ್ದರು. ಮೊಬೈಲಿನಲ್ಲಿ ನಮ್ಮ ಗಿಡದ ಫೋಟೊ ತೋರಿಸಿದೆ. ಎದೆಯೆತ್ತರದ, ಒತ್ತಾದ ಚಂದ್ರಗಿರಿ. ಅವರು ಕಣ್ಣು ಕಿರಿದು ಮಾಡಿ ನೋಡಿ ಏನೋ ಅಂದರು. ಡ್ರೈವರ್ ನಗುತ್ತಾ ಹೇಳಿದ:

"ಇದಿನ್ನೂ ಮಗು, ಯಾವಾಗ ದೊಡ್ಡದಾಗುತ್ತೆ ಅಂತ ಕೇಳ್ತಿದ್ದಾರೆ."